ಕಂಠದ ಗುರುತು

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯಲ್ಲಿ, ನೆಲಮಂಗಲಕ್ಕೆ ಮೊದಲು ಸಿಕ್ಕುವ ಊರು ಮಾಕಳಿ. ಇಂತಹ ಊರುಗಳಲ್ಲಿ ಕತ್ತಲಾದ ಮೇಲೆ ಕದ ತಟ್ಟಿದ ಸದ್ದಾದರೆ ಒಳಗಿನಿಂದ ‘ಯಾರದು?’ ಎಂಬ ಪ್ರಶ್ನೆ ಬರುವುದು. ಹೊರಗಿನಿಂದ ‘ನಾನು’ ಎಂಬ ಉತ್ತರ. ಈ ಉತ್ತರದಲ್ಲಿ ಹೆಸರಿಲ್ಲ, ಮನೆತನವಿಲ್ಲ. ಲೋಕದಲ್ಲಿ ಯಾರು ಬೇಕಾದರೂ ಆಡಬಹುದಾದ ಮಾತು ಅದು. ಆದರೂ ಅಗುಳಿ ಸರಿಯುವುದು. ಬಾಗಿಲನ್ನು ತೆರೆಸಿದುದು ಮಾತಲ್ಲ, ಕಂಠ. ಈ ಹಳೆಯ ರೂಢಿಯನ್ನೇ ಮನುಷ್ಯನು ಈಗ ಯಂತ್ರಕ್ಕೆ ಕಲಿಸುತ್ತಿದ್ದಾನೆ.

ಕಂಠದ ಮೇಲಣ ನಂಬಿಕೆಯಷ್ಟೇ ಅದರ ವಂಚನೆಯೂ ಪುರಾತನವಾದುದು. ಮಾರೀಚನು ಸಾಯುವಾಗ ರಾಮನ ಧ್ವನಿಯಿಂದಲೇ ಸೀತೆಯನ್ನೂ ಲಕ್ಷ್ಮಣನನ್ನೂ ಕೂಗಿದನು. ಸೀತೆಯು ಕಿವಿಯನ್ನು ನಂಬಿದಳು. ಲಕ್ಷ್ಮಣನು ಅಣ್ಣನ ಬಲವನ್ನೂ ಸ್ವಭಾವವನ್ನೂ ನೆನೆದು ಆ ಕೂಗನ್ನು ಶಂಕಿಸಿದನು. ಮುಂದಿನ ಅನರ್ಥವೆಲ್ಲ ಸರ್ವವಿದಿತ.

ರಾಜ್ಯಾಡಳಿತವು ಮೊದಲು ಆಶ್ರಯಿಸಿದುದು ಕಂಠವನ್ನಲ್ಲ, ಕೈಯನ್ನು. 1858ರಲ್ಲಿ ಬಂಗಾಳದಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಹರ್ಷೆಲನು ಕರಾರುಪತ್ರಕ್ಕೆ ಗುತ್ತಿಗೆದಾರನ ಅಂಗೈಯ ಅಚ್ಚನ್ನು ಒತ್ತಿಸಿಕೊಂಡನು. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಛೇರಿಯೇ ಏರ್ಪಟ್ಟಿತು. 2010ರಲ್ಲಿ ಮೊದಲಾದ ಆಧಾರ್ ಸಂಖ್ಯೆಯ ವಿತರಣೆಗೂ ಬೆರಳು, ಕಣ್ಣು, ಮುಖಗಳನ್ನು ಆರಿಸಿದರೇ ಹೊರತು ಕಂಠವನ್ನಲ್ಲ. ಕಾರಣವು ಸ್ಪಷ್ಟ. ಬೆರಳಿನ ಗೆರೆ ಇದ್ದಂತೆಯೇ ಇರುವುದು. ಧ್ವನಿಯಾದರೋ ಪ್ರತಿ ಸಲವೂ ಹೊಸದಾಗಿ ಹುಟ್ಟಬೇಕು. ನೆಗಡಿ, ಮುಪ್ಪು, ಭಯ, ದುಃಖ ಎಲ್ಲವೂ ಅದನ್ನು ಮಾರ್ಪಡಿಸುವುವು.

ಕೇಳಿದ ಕಿವಿಯ ನೆನಪೂ ಅಷ್ಟು ಗಟ್ಟಿಯಲ್ಲ. ಅಮೆರಿಕದ ವಿಮಾನವೀರ ಲಿಂಡ್‌ಬರ್ಗನ ಮಗುವಿನ ಅಪಹರಣವಾದುದು 1932ರಲ್ಲಿ. ಆಮೇಲೆ ಒಮ್ಮೆ ಕತ್ತಲಲ್ಲಿ ದೂರದಿಂದ ಕೇಳಿದ ಒಂದೆರಡು ಮಾತಿನ ಧ್ವನಿಯು ಆಪಾದಿತನದೇ ಎಂದು ಅವನು 1935ರ ವಿಚಾರಣೆಯಲ್ಲಿ ಸಾಕ್ಷ್ಯ ನುಡಿದನು. ಇದು ಸಾಧ್ಯವೇ ಎಂಬ ಪ್ರಶ್ನೆಯನ್ನು ಫ್ರಾನ್ಸಿಸ್ ಮೆಕ್‌ಗೀ ಎಂಬ ವಿದುಷಿಯು ಪರೀಕ್ಷೆಗೆ ಒಡ್ಡಿದಳು. ಅಪರಿಚಿತ ಧ್ವನಿಯನ್ನು ಮರುದಿನ ಗುರುತಿಸಿದವರು ನೂರಕ್ಕೆ 83 ಮಂದಿ; ಐದು ತಿಂಗಳ ಮೇಲೆ 13 ಮಂದಿ ಮಾತ್ರ ಎಂದು 1937ರಲ್ಲಿ ಪ್ರಕಟಿಸಿದಳು.

ಕಿವಿಗಿಂತ ಯಂತ್ರವು ಮೇಲೆಂಬ ಆಸೆ ಆಮೇಲೆ ಹುಟ್ಟಿತು. 1940ರ ದಶಕದಲ್ಲಿ ಬೆಲ್ ಪ್ರಯೋಗಶಾಲೆಯವರು ಧ್ವನಿಯನ್ನು ಚಿತ್ರವಾಗಿ ಬರೆಯುವ ಯಂತ್ರವನ್ನು ರಚಿಸಿದರು. ಲಾರೆನ್ಸ್ ಕೆರ್ಸ್ಟಾ ಎಂಬವನು 1962ರಲ್ಲಿ ಈ ಚಿತ್ರವನ್ನು ಬೆರಳಚ್ಚಿಗೆ ಸಮನೆಂಬಂತೆ ‘ಧ್ವನಿಯಚ್ಚು’ ಎಂದು ಕರೆದನು. ಆದರೆ 1979ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸಮಿತಿಯು ನ್ಯಾಯಾಲಯಗಳು ಇದನ್ನು ಬಹು ಎಚ್ಚರಿಕೆಯಿಂದ ಬಳಸತಕ್ಕದ್ದೆಂದು ತಿಳಿಸಿತು. ಭಾರತದಲ್ಲಿ, ಆಪಾದಿತನ ಧ್ವನಿಯ ಮಾದರಿಯನ್ನು ಪಡೆಯಲು ಮ್ಯಾಜಿಸ್ಟ್ರೇಟರು ಆಜ್ಞಾಪಿಸಬಹುದೆಂದು ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ತೀರ್ಪಿತ್ತಿತು. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ವಿದ್ಯೆಯ ವ್ಯಾಸಂಗವೂ ನಡೆಯುತ್ತಿದೆ.

ಕನ್ನಡಿಗರ ಮಟ್ಟಿಗೆ ಕಂಠದ ಗುರುತಿನ ಬೆಲೆಯನ್ನು ತೋರಿಸಿಕೊಟ್ಟುದು 2000ನೆಯ ಇಸವಿ. ಜುಲೈ 30ರ ರಾತ್ರಿ ಗಾಜನೂರಿನ ಮನೆಯಿಂದ ವೀರಪ್ಪನ್ನನು ರಾಜಕುಮಾರರನ್ನು ಒಯ್ದನು. ಬಿಡುಗಡೆಯಾದುದು 108 ದಿನಗಳ ಮೇಲೆ. ಈ ನಡುವೆ ಕಾಡಿನಿಂದ ಬಂದ ಕ್ಯಾಸೆಟ್ಟುಗಳಲ್ಲಿ ಅವರ ಧ್ವನಿಯೂ ಕೇಳಿಸಿತು. ಅದನ್ನು ಗುರುತಿಸಲು ನಾಡಿಗೆ ಯಾವ ಯಂತ್ರವೂ ಬೇಕಾಗಲಿಲ್ಲ. ಆದರೆ ಕಂಠವು ಹೇಳಿದುದು ಇಷ್ಟೇ: ಮಾತನಾಡುತ್ತಿರುವವರು ಇವರೇ. ಆ ಮಾತು ಎಂದಿನದು, ಸ್ವತಂತ್ರವಾಗಿ ಆಡಿದುದೋ ಕೋವಿಯ ಎದುರಿಗೆ ಆಡಿದುದೋ ಎಂಬುದನ್ನು ಕಂಠವು ಹೇಳಲಾರದು.

ಇಂದಿನ ಬ್ಯಾಂಕುಗಳ ಯಂತ್ರಕ್ಕೂ ಇದೇ ಮಿತಿ. ಗಂಟಲು, ಬಾಯಿ, ಮೂಗುಗಳ ಆಕಾರವೂ ಉಚ್ಚಾರಣೆಯ ಅಭ್ಯಾಸವೂ ಧ್ವನಿಗೆ ಕೊಡುವ ಲಕ್ಷಣಗಳನ್ನು ಅದು ಮೊದಲೇ ಬರೆದಿಟ್ಟುಕೊಳ್ಳುವುದು. ಆಮೇಲೆ ಕೇಳಿದುದಕ್ಕೆ ಹೋಲಿಸಿ, ಗೊತ್ತಾದ ಮಟ್ಟವನ್ನು ಮುಟ್ಟಿದರೆ ಒಪ್ಪುವುದು. ಮಟ್ಟವನ್ನು ಏರಿಸಿದರೆ ಮನೆಯವನೇ ಹೊರಗುಳಿಯುವನು, ಇಳಿಸಿದರೆ ಕಳ್ಳನು ಒಳನುಗ್ಗುವನು. 2017ರಲ್ಲಿ ಇಂಗ್ಲೆಂಡಿನ ಒಬ್ಬ ಪತ್ರಕರ್ತನ ಖಾತೆಯನ್ನು ಅವನ ಅವಳಿ ಸೋದರನು ಧ್ವನಿಯನ್ನು ಅನುಕರಿಸಿ ತೆರೆಸಿದನು. ಈಗಂತೂ ಕೆಲವು ಕ್ಷಣಗಳ ಮಾದರಿ ದೊರೆತರೆ ಸಾಕು, ಕಂಪ್ಯೂಟರು ಅದೇ ಕಂಠದಲ್ಲಿ ಏನನ್ನಾದರೂ ನುಡಿಸಬಲ್ಲುದು. ಮಾರೀಚವಿದ್ಯೆಯು ಅಂಗಡಿಯ ಸರಕಾಗಿದೆ. ಮಗನ ಧ್ವನಿಯಲ್ಲಿ ಟೆಲಿಫೋನಿನ ಮೂಲಕ ಹಣ ಬೇಡುವ ವಂಚಕನಿಗೆ ತಾಯಿಯ ಕಿವಿಯೂ ಸೋಲಬಹುದು.

ಆದುದರಿಂದ ಕಂಠವು ಸಾಕ್ಷಿಯಾಗಬಹುದು, ಅದೊಂದೇ ಬೀಗವಾಗಲಾಗದು. ಗುಪ್ತಪದವು ಬಯಲಾದರೆ ಬದಲಾಯಿಸಬಹುದು, ಕಂಠವು ಕಳವಾದರೆ ಬೇರೊಂದು ಕಂಠವಿಲ್ಲ. ಧ್ವನಿಯನ್ನು ಕೇಳಿಯೂ ಅದನ್ನು ಬೇರೆ ತಿಳಿವಳಿಕೆಯೊಡನೆ ತೂಗಿದ ಲಕ್ಷ್ಮಣನ ಎಚ್ಚರವೇ ಬ್ಯಾಂಕಿಗೂ ಬೇಕು, ಮನೆಗೂ ಬೇಕು. ‘ನಾನು’ ಎಂಬ ಉತ್ತರ ಬಂದಾಗ ‘ನಾನು ಎಂದರೆ ಯಾರು?’ ಎಂದು ಇನ್ನೊಮ್ಮೆ ಕೇಳುವುದು ಇನ್ನು ಮೇಲೆ ಅವಿಶ್ವಾಸವಲ್ಲ, ವಿವೇಕ.