ಹಿಡಿತದ ಬಲದ ಸ್ಪರ್ಧೆಗಳು: ಸುತ್ತುಗಳ ಕ್ರಮ ಮತ್ತು ಗಾಯದ ತಡೆ

ಹಿಡಿತದ ಬಲದ ಸ್ಪರ್ಧೆಗಳಿಗೆ ಮೂಲ ಯುರೋಪಿನ ಹಳೆಯ ಬಲಶಾಲಿಗಳ ಪ್ರದರ್ಶನಗಳು. ಇಂಗ್ಲೆಂಡಿನ ಥಾಮಸ್ ಇಂಚ್ 20ನೇ ಶತಮಾನದ ಆರಂಭದಲ್ಲಿ ಸುಮಾರು 78 ಕಿಲೋ ತೂಕದ ಡಂಬೆಲ್ ಮುಂದಿಟ್ಟು, ಒಂದೇ ಕೈಯಲ್ಲಿ ಎತ್ತುವಂತೆ ಸವಾಲು ಹಾಕುತ್ತಿದ್ದ. ಎತ್ತಲು ಬಂದವರನ್ನು ಸೋಲಿಸುತ್ತಿದ್ದುದು ತೂಕಕ್ಕಿಂತ ಹೆಚ್ಚಾಗಿ ಅದರ 6 ಸೆಂ.ಮೀ. ದಪ್ಪದ ಹಿಡಿ. ಫ್ರಾನ್ಸಿನ ಅಪೊಲಾನ್ ಬಳಸಿದ ಗಾಲಿಗಳ ಅಚ್ಚೂ ಇದೇ ಕಾರಣಕ್ಕೆ ಹೆಸರಾಯಿತು. ಇವೆಲ್ಲ ಒಂಟಿ ಸಾಹಸಗಳು. ಯಾವುದು ಮೊದಲು, ಯಾವುದು ಆಮೇಲೆ ಎಂಬ ಪ್ರಶ್ನೆ ಆಗ ಇರಲಿಲ್ಲ.

ಅಮೆರಿಕದಲ್ಲಿ 1988ರಲ್ಲಿ ಶುರುವಾದ ಐರನ್‌ಮೈಂಡ್ ಸಂಸ್ಥೆ ಉಕ್ಕಿನ ಸ್ಪ್ರಿಂಗ್ ಗ್ರಿಪ್ಪರ್‌ಗಳನ್ನು ಮುಚ್ಚಿದವರಿಗೆ, ಅಂದರೆ ಅವುಗಳ ಎರಡು ಹಿಡಿಗಳನ್ನು ಒಂದೇ ಕೈಯಲ್ಲಿ ಒತ್ತಿ ಸೇರಿಸಿದವರಿಗೆ, ಪ್ರಮಾಣಪತ್ರ ಕೊಡಲಾರಂಭಿಸಿತು. 1998ರಲ್ಲಿ ಜೋ ಕಿನ್ನಿ ಅದರ 4ನೇ ಸಂಖ್ಯೆಯ ಗ್ರಿಪ್ಪರನ್ನು ಮೊದಲ ಬಾರಿಗೆ ಮುಚ್ಚಿದರು. ಬ್ರಿಟನ್ನಿನಲ್ಲಿ ಡೇವಿಡ್ ಹಾರ್ನ್ ಹಿಡಿತದ ಸ್ಪರ್ಧೆಗಳನ್ನು ಬೆಳೆಸಿದರು. ರಷ್ಯಾದಲ್ಲಿ ಹಿಡಿತದ ಬಲದಿಂದ ಭಾರ ಎತ್ತುವ ಆರ್ಮ್‌ಲಿಫ್ಟಿಂಗ್ ಬೆಳೆಯಿತು. ಹೀಗೆ ಒಂದೇ ದಿನ ಹಲವು ಸುತ್ತುಗಳು ನಡೆಯತೊಡಗಿದಾಗ ಅವುಗಳ ಕ್ರಮ ಮುಖ್ಯವಾಯಿತು.

ಇದಕ್ಕೆ ಕಾರಣ ಕೈಯ ರಚನೆಯಲ್ಲಿದೆ. ಬೆರಳುಗಳನ್ನು ಬಲವಾಗಿ ಮಡಚುವ ಸ್ನಾಯುಗಳಿರುವುದು ಮೊಣಕೈ ಮತ್ತು ಮಣಿಕಟ್ಟಿನ ನಡುವೆ. ಅವುಗಳ ಎಳೆತ ಉದ್ದನೆಯ ಸ್ನಾಯುರಜ್ಜುಗಳ ಮೂಲಕ ಬೆರಳಿಗೆ ತಲುಪುತ್ತದೆ. ಹೆಚ್ಚುಕಡಿಮೆ ಎಲ್ಲ ಸುತ್ತುಗಳೂ ಈ ಸ್ನಾಯುಗಳನ್ನೇ ದಣಿಸುತ್ತವೆ. ಆದ್ದರಿಂದ ಗ್ರಿಪ್ಪರ್ ಸುತ್ತನ್ನು ಮೊದಲಿಡುವುದು ರೂಢಿ: ಅದಕ್ಕೆ ದಣಿಯದ ಬೆರಳು, ಕಿತ್ತುಹೋಗದ ಚರ್ಮ ಎರಡೂ ಬೇಕು. ನಂತರ ಚಪ್ಪಟೆ ತಟ್ಟೆಯನ್ನು ಬೆರಳುಗಳಿಗೂ ಹೆಬ್ಬೆರಳಿಗೂ ನಡುವೆ ಒತ್ತಿ ಹಿಡಿದು ಎತ್ತುವ ಪಿಂಚ್. ಇಲ್ಲಿ ಹೊರೆಯ ದೊಡ್ಡ ಪಾಲು ಹೆಬ್ಬೆರಳಿನದು, ಹಾಗಾಗಿ ಉಳಿದ ಬೆರಳುಗಳಿಗೆ ಕೊಂಚ ಬಿಡುವು ಸಿಗುತ್ತದೆ. ದಪ್ಪ ಸರಳನ್ನು ನೆಲದಿಂದ ಎತ್ತುವ ಆ್ಯಕ್ಸಲ್ ಬೆನ್ನು, ಕಾಲುಗಳನ್ನೂ ದಣಿಸಿ ಅಂಗೈ ಚರ್ಮವನ್ನು ಉಜ್ಜುವುದರಿಂದ ಆಮೇಲೆ ಬರುತ್ತದೆ. ಹಲವು ವಸ್ತುಗಳನ್ನು ನಿಗದಿತ ಸಮಯದಲ್ಲಿ ಎತ್ತುವ ಮೆಡ್ಲಿ ಕೊನೆಗೆ. ದಣಿವನ್ನು ತಾಳುವುದೂ ಅಲ್ಲಿ ಪರೀಕ್ಷೆಯ ಭಾಗ.

ಪ್ರತಿ ಸುತ್ತಿನೊಳಗೂ ಒಂದು ಕ್ರಮವಿದೆ. ತೂಕ ಏರುತ್ತಲೇ ಹೋಗುತ್ತದೆ, ಇಳಿಯುವುದಿಲ್ಲ. ಯಾವ ತೂಕದಿಂದ ಆರಂಭಿಸಬೇಕೆಂದು ಸ್ಪರ್ಧಿ ನಿರ್ಧರಿಸುತ್ತಾನೆ. ಪ್ರಯತ್ನಗಳಿಗೆ ಮಿತಿಯಿದ್ದರೆ ವ್ಯರ್ಥ ದಣಿವು ತಪ್ಪುತ್ತದೆ.

ಗಾಯಗಳಿಗೂ ಸಾಮಾನ್ಯ ಜಾಗಗಳಿವೆ: ಬೆರಳಿನ ಬುಡದಲ್ಲಿ ಸ್ನಾಯುರಜ್ಜುವನ್ನು ಮೂಳೆಗೆ ಒತ್ತಿಹಿಡಿಯುವ ಪಟ್ಟಿ, ಹೆಬ್ಬೆರಳಿನ ಬುಡದ ಕೀಲು, ಮೊಣಕೈಯ ಒಳಬದಿ, ಅಂಗೈಯ ಚರ್ಮ. ಭಾರವನ್ನು ಜಗ್ಗಿ ಎಳೆಯದೆ ನಿಧಾನವಾಗಿ ಬಿಗಿ ಹೆಚ್ಚಿಸುವುದು ಮೊದಲ ರಕ್ಷಣೆ. ಆ್ಯಕ್ಸಲ್‌ನಲ್ಲಿ ಎರಡೂ ಅಂಗೈ ಮೈಕಡೆಗಿರಬೇಕೆಂಬ ನಿಯಮ ಹಿಡಿತವನ್ನು ನಿಜವಾಗಿ ಪರೀಕ್ಷಿಸುತ್ತದೆ; ಅಂಗೈ ಮುಂದಕ್ಕೆ ತಿರುಗಿಸಿ ಹಿಡಿದಾಗ ಬೈಸೆಪ್ಸ್ ಹರಿಯುವ ಅಪಾಯವನ್ನೂ ತಪ್ಪಿಸುತ್ತದೆ. ಹಗುರ ತೂಕದಿಂದ ಕೈ ಬಿಸಿ ಮಾಡಿಕೊಳ್ಳುವುದು, ಬೆವರು ಹೀರಲು ಮೆಗ್ನೀಷಿಯಂ ಕಾರ್ಬೊನೇಟ್ ಪುಡಿ ಹಚ್ಚುವುದು, ಉಬ್ಬಿದ ಜಡ್ಡನ್ನು ಉಜ್ಜಿ ಸಮ ಮಾಡುವುದು ಸ್ಪರ್ಧೆಯ ದಿನದ ಕ್ರಮಗಳು. ಅಭ್ಯಾಸದಲ್ಲಿ ರಬ್ಬರ್ ಪಟ್ಟಿ ತೊಟ್ಟು ಬೆರಳುಗಳನ್ನು ಹೊರಕ್ಕೆ ಬಿಚ್ಚುವ ವ್ಯಾಯಾಮ ಬೇಕು. ಸ್ನಾಯುಗಳಿಗಿಂತ ಸ್ನಾಯುರಜ್ಜುಗಳು ನಿಧಾನವಾಗಿ ಗಟ್ಟಿಯಾಗುವುದರಿಂದ ತಾಳ್ಮೆಯೂ ಬೇಕು. ಬೆರಳಿನಲ್ಲಿ ಫಟ್ಟೆಂಬ ಸದ್ದು ಕೇಳಿದರೆ ಅಥವಾ ಚುಚ್ಚುವ ನೋವು ಬಂದರೆ ಆ ದಿನಕ್ಕೆ ಸ್ಪರ್ಧೆ ಬಿಟ್ಟು ವೈದ್ಯರಿಗೆ ತೋರಿಸಬೇಕು.

ಗಾಯದ ತಡೆಯನ್ನು ಸ್ಪರ್ಧಿಯ ಎಚ್ಚರಿಕೆಗಷ್ಟೇ ಬಿಡುವುದು ಸರಿಯಲ್ಲ. ಸುತ್ತುಗಳ ಕ್ರಮವನ್ನೂ ನಡುವಿನ ವಿರಾಮವನ್ನೂ ಯೋಚಿಸಿ ಗೊತ್ತುಮಾಡುವ ಸಂಘಟಕರ ಪಾಲೂ ಅದರಲ್ಲಿ ಅಷ್ಟೇ ದೊಡ್ಡದು.