ಗಾಂಧಿ ಗಂಜ: ಸೇರು ಹೋಗಿ ಕ್ವಿಂಟಲ್ ಬಂದ ಕಥೆ

ನಾಲ್ಕೈದು ದಶಕಗಳ ಹಿಂದೆ ಬೀದರಿನ ಗಾಂಧಿ ಗಂಜಿನಲ್ಲಿ ಆಡಿ ಬೆಳೆದು ಊರು ಬಿಟ್ಟವರು ಈಗ ಮರಳಿ ಬಂದರೆ ಮೊದಲು ಕಣ್ಣು ಹುಡುಕುವುದು ಎತ್ತಿನ ಗಾಡಿಗಳ ಸಾಲನ್ನು. ಅಲ್ಲಿ ಈಗ ಟ್ರ್ಯಾಕ್ಟರು, ಟೆಂಪೋಗಳು ನಿಂತಿವೆ. ಗಾಡಿಗಳಷ್ಟೇ ಏಕೆ, ನಾಣ್ಯ, ತೂಕ, ಗಡಿ, ಬೆಳೆ ಎಲ್ಲವೂ ಒಂದೊಂದಾಗಿ ಬದಲಾಗುವುದನ್ನು ಈ ಪೇಟೆಯ ಹಳೆಯ ತಲೆಮಾರು ಕಂಡಿದೆ.

'ಗಂಜ್' ಪಾರ್ಸಿ ಮೂಲದ ಪದ. ಭಂಡಾರವೆಂಬ ಅರ್ಥದ ಈ ಪದ ಉರ್ದುವಿನ ಮೂಲಕ ದವಸದ ಪೇಟೆಗೆ ಹೆಸರಾಯಿತು. ನಿಯಂತ್ರಿತ ಮಾರುಕಟ್ಟೆಗಳು ಬರುವ ಮೊದಲು ದೇಶದ ಹಲವೆಡೆ ದಲಾಲರು ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ದರ ಗೊತ್ತುಮಾಡುತ್ತಿದ್ದರು. ಮಾಲು ತಂದ ರೈತನಿಗೇ ಅದರ ಗುಟ್ಟು ತಿಳಿಯುತ್ತಿರಲಿಲ್ಲ. ಇಂಥ ಮೋಸ ತಡೆಯಲು ನಿಜಾಮರ ಹೈದರಾಬಾದ್ ಸಂಸ್ಥಾನ 1930ರಲ್ಲಿ ಕೃಷಿ ಮಾರುಕಟ್ಟೆ ಕಾನೂನು ತಂದಿತು. ಸರಿಸುಮಾರು ಅದೇ ಕಾಲಕ್ಕೆ ವಿಕಾರಾಬಾದಿನಿಂದ ಬೀದರ್, ಭಾಲ್ಕಿ, ಉದಗೀರ ಮಾರ್ಗವಾಗಿ ಪರಳಿಯತ್ತ ರೈಲು ಹಳಿ ಹಾಸಲಾಯಿತು. ದವಸಕ್ಕೆ ದೂರದ ಪೇಟೆಗಳು ಹತ್ತಿರವಾದವು.

1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು. ನಿಜಾಮರ 'ಹಾಲಿ ಸಿಕ್ಕಾ' ಕ್ರಮೇಣ ಮರೆಯಾಯಿತು. ಏಳು ಹಾಲಿ ರೂಪಾಯಿಗೆ ಆರು ಭಾರತೀಯ ರೂಪಾಯಿ ಎಂಬುದು ಆಗಿನ ಲೆಕ್ಕ. 1962ರ ಹೊತ್ತಿಗೆ ಸೇರು, ಮಣ ಹೋಗಿ ಕಿಲೋ, ಕ್ವಿಂಟಲ್ ಕಡ್ಡಾಯವಾದವು.

ಎಲ್ಲಕ್ಕಿಂತ ದೊಡ್ಡ ಪೆಟ್ಟು 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯದು ಎನ್ನಬಹುದು. ಬೀದರ್ ಜಿಲ್ಲೆ ಅಂದು ಮೂರು ಹೋಳಾಯಿತು. ಬೀದರ್, ಭಾಲ್ಕಿ, ಹುಮನಾಬಾದ್, ಸಂತಪುರ (ಇಂದಿನ ಔರಾದ್) ಮೈಸೂರು ರಾಜ್ಯಕ್ಕೆ ಬಂದವು. ಉದಗೀರ, ನಿಲಂಗಾ, ಅಹಮದಪುರ ಮುಂಬೈ ರಾಜ್ಯಕ್ಕೂ, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೂ ಹೋದವು. ಆಡಳಿತದ ಭಾಷೆ ಉರ್ದುವಿನಿಂದ ಕನ್ನಡಕ್ಕೆ ತಿರುಗಿತು. ಆದರೆ ರೈತ ನೋಡುವುದು ದರವನ್ನು, ದಾರಿಯ ದೂರವನ್ನು. ಕಮಲನಗರದ ಸುತ್ತಿನವರಿಗೆ ಬೀದರಿಗಿಂತ ಉದಗೀರವೇ ಹತ್ತಿರ. ತೊಗರಿಗೆ ಹೆಸರಾದ ಲಾತೂರಿನ ಪೇಟೆಯೂ ದೂರವಿಲ್ಲ. ಹೀಗೆ ಒಂದೇ ಜಿಲ್ಲೆಯಲ್ಲಿದ್ದ ಪೇಟೆಗಳು ಬೇರೆ ಬೇರೆ ರಾಜ್ಯಗಳ ಪೈಪೋಟಿದಾರರಾದವು.

ಚೀಲದೊಳಗಿನ ಮಾಲೂ ಬದಲಾಗಿದೆ. ಉದ್ದು, ಹೆಸರು, ಜೋಳ, ತೊಗರಿಯ ನಾಡಾದ ಬೀದರ್ ಇಂದು ರಾಜ್ಯದ ಪ್ರಮುಖ ಸೋಯಾ ಬೆಳೆಯುವ ಜಿಲ್ಲೆ. ಉದ್ದು, ಹೆಸರು ಬೇಳೆ ಗಿರಣಿಗೆ ಹೋದರೆ ಸೋಯಾ ಹೋಗುವುದು ಎಣ್ಣೆ ಕಾರ್ಖಾನೆಗೆ.

ಹರಾಜಿನ ಕೂಗೂ ತಗ್ಗುತ್ತಿದೆ. 2014ರಲ್ಲಿ ರಾಜ್ಯ ಆರಂಭಿಸಿದ ಏಕೀಕೃತ ಮಾರುಕಟ್ಟೆ ವ್ಯವಸ್ಥೆಯಲ್ಲಿ ದರ ಕೂಗುವ ಕೆಲಸ ಕಂಪ್ಯೂಟರಿನದು. 2020ರ ಕಾನೂನು ತಿದ್ದುಪಡಿ ಮಾರುಕಟ್ಟೆ ಪ್ರಾಂಗಣದ ಹೊರಗೂ ಖರೀದಿಗೆ ಅವಕಾಶ ಕೊಟ್ಟಿತು. ರೈತನಿಗೆ ಇದು ನಾಲ್ಕು ಕಾಸು ಹೆಚ್ಚು ಸಿಗುವುದೋ ಇಲ್ಲವೋ ಎಂಬ ಪ್ರಶ್ನೆ. ಹಮಾಲರಿಗೆ ಮಾತ್ರ ದಿನದ ಕೂಲಿಯ ಪ್ರಶ್ನೆ. ನಾಣ್ಯ, ತೂಕ, ಗಡಿ ಯಾವುದೇ ಇರಲಿ, ಚೀಲ ಗಂಜಿಗೆ ಬಂದರೆ ತಾನೇ ಅವರ ಮನೆಯಲ್ಲಿ ಒಲೆ ಹೊತ್ತುವುದು!