ಕ್ಲಬ್ ಸದಸ್ಯರಿಗೆ ಕಾರಿನ ರಿಯಾಯಿತಿ: ಕಾಸ್ಟ್‌ಕೋ ಬೆಲೆಪಟ್ಟಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಅಮೆರಿಕದಲ್ಲಿರುವ ಎಷ್ಟೋ ಕನ್ನಡಿಗರ ಮನೆಗೆ ಅಕ್ಕಿ ಮೂಟೆ, ಬಾದಾಮಿ, ಅಡುಗೆ ಎಣ್ಣೆ ಬರುವುದು ಸದಸ್ಯರಿಗಷ್ಟೇ ಮಾರುವ ಕಾಸ್ಟ್‌ಕೋ ಎಂಬ ಮಳಿಗೆಯಿಂದ. ಅದೇ ಸದಸ್ಯತ್ವದ ಕಾರ್ಡು ಇಟ್ಟುಕೊಂಡು ಹೊಸ ಕಾರನ್ನೂ ರಿಯಾಯಿತಿ ಬೆಲೆಗೆ ಕೊಳ್ಳಬಹುದು. ‘ಕಾಸ್ಟ್‌ಕೋ ಆಟೋ ಪ್ರೋಗ್ರಾಂ’ ಎಂಬ ಹೆಸರಿನ ಈ ಏರ್ಪಾಟು 1989ರಿಂದ ನಡೆದುಕೊಂಡು ಬಂದಿದೆ. ಇಲ್ಲಿ ಕಾಸ್ಟ್‌ಕೋ ತಾನೇ ಕಾರು ಮಾರುವುದಿಲ್ಲ. ಸದಸ್ಯರಿಗೆ ಇಂತಿಷ್ಟು ಬೆಲೆಗೆ ಕೊಡಬೇಕೆಂದು ಡೀಲರುಗಳೊಂದಿಗೆ ಮೊದಲೇ ಮಾತು ಮುಗಿಸಿಟ್ಟಿರುತ್ತದೆ, ಅಷ್ಟೆ. ಕಾರು ಕೊಡುವವರು, ದುಡ್ಡು ತೆಗೆದುಕೊಳ್ಳುವವರು, ಕಾಗದಪತ್ರ ಮಾಡುವವರು ಎಲ್ಲ ಡೀಲರುಗಳೇ. ಇದಿಷ್ಟು ತಿಳಿದಿದ್ದರೆ ಈ ರಿಯಾಯಿತಿಯ ಬಲ ಯಾವುದು, ಮಿತಿ ಯಾವುದು ಎಂಬುದು ಅರ್ಥವಾಗುತ್ತದೆ.

ಕ್ಲಬ್ಬಿನ ಹಿನ್ನೆಲೆ

1976ರಲ್ಲಿ ಸೋಲ್ ಪ್ರೈಸ್ ಎಂಬ ವ್ಯಾಪಾರಿ ಸ್ಯಾನ್ ಡಿಯೆಗೊ ನಗರದಲ್ಲಿ, ಹಿಂದೆ ವಿಮಾನಗಳ ಶೆಡ್ಡಾಗಿದ್ದ ಕಟ್ಟಡದಲ್ಲಿ ‘ಪ್ರೈಸ್ ಕ್ಲಬ್’ ತೆರೆದರು. ವರ್ಷಕ್ಕೊಮ್ಮೆ ಶುಲ್ಕ ಕಟ್ಟಿದವರಿಗೆ ಮಾತ್ರ ಒಳಗೆ ಪ್ರವೇಶ. ಒಳಗೆ ಸರಕಿನ ಮೇಲೆ ತೀರಾ ಕಡಿಮೆ ಲಾಭ. ಇದೇ ಸೂತ್ರ ಹಿಡಿದು ಜಿಮ್ ಸಿನೆಗಲ್ ಮತ್ತು ಜೆಫ್ರಿ ಬ್ರಾಟ್‌ಮನ್ 1983ರಲ್ಲಿ ಸಿಯಾಟಲ್‌ನಲ್ಲಿ ಕಾಸ್ಟ್‌ಕೋ ಆರಂಭಿಸಿದರು. 1993ರಲ್ಲಿ ಎರಡೂ ಒಂದಾದವು. 2024ರ ಸೆಪ್ಟೆಂಬರಿನಿಂದ ಅಮೆರಿಕದಲ್ಲಿ ಸಾಮಾನ್ಯ ಸದಸ್ಯತ್ವಕ್ಕೆ ವರ್ಷಕ್ಕೆ 65 ಡಾಲರ್, ಮೇಲ್ದರ್ಜೆಯ ‘ಎಕ್ಸಿಕ್ಯೂಟಿವ್’ ಸದಸ್ಯತ್ವಕ್ಕೆ 130 ಡಾಲರ್. ಕಾರಿನ ಕಾರ್ಯಕ್ರಮಕ್ಕೆಂದು ಬೇರೆ ಶುಲ್ಕವಿಲ್ಲ. ಕಾಸ್ಟ್‌ಕೋ ಪರವಾಗಿ ಇದನ್ನು ನಡೆಸುವುದು ಅಫಿನಿಟಿ ಎಂಬ ಬೇರೊಂದು ಸಂಸ್ಥೆ. ಅದಕ್ಕೆ ಹಣ ಬರುವುದು ಡೀಲರುಗಳ ಕಡೆಯಿಂದ.

ಕಿಟಕಿಗೆ ಅಂಟಿಸಿದ ಬೆಲೆ, ಡೀಲರನ ಅಸಲು

ಬೆಂಗಳೂರಿನಲ್ಲಿ ಕಾರು ಕೊಂಡವರಿಗೆ ಅಮೆರಿಕದ ಪದ್ಧತಿ ಮೊದಮೊದಲು ದಿಗಿಲು ಹುಟ್ಟಿಸುತ್ತದೆ. ಇಲ್ಲಿ ಎಕ್ಸ್‌ಶೋರೂಂ ಬೆಲೆಯನ್ನು ಕಂಪನಿಯೇ ಗೊತ್ತುಮಾಡುತ್ತದೆ. ಡೀಲರ್ ಬಳಿ ಕೇಳಿದರೆ ಒಂದಿಷ್ಟು ರಿಯಾಯಿತಿ, ಸೀಟ್ ಕವರ್, ಫ್ಲೋರ್ ಮ್ಯಾಟ್ ಸಿಗಬಹುದು. ಅಲ್ಲಿ ಹಾಗಲ್ಲ. ಒಂದೇ ದಿನ, ಒಂದೇ ಶೋರೂಮಿನಲ್ಲಿ, ಒಂದೇ ಮಾಡೆಲಿನ ಕಾರಿಗೆ ಇಬ್ಬರು ಕೊಡುವ ಬೆಲೆಯಲ್ಲಿ ಸಾವಿರ ಡಾಲರಿಗೂ ಮೀರಿ ವ್ಯತ್ಯಾಸ ಇರಬಹುದು.

ಅಮೆರಿಕದ ಬಹುಪಾಲು ರಾಜ್ಯಗಳ ಕಾನೂನಿನ ಪ್ರಕಾರ, ಡೀಲರ್ ಜಾಲವಿರುವ ಕಂಪನಿ ಗ್ರಾಹಕರಿಗೆ ನೇರವಾಗಿ ಕಾರು ಮಾರುವಂತಿಲ್ಲ. ಸ್ವತಂತ್ರ ಡೀಲರ್ ಕಂಪನಿಯಿಂದ ಕಾರು ಕೊಂಡು, ತನಗೆ ಗಿಟ್ಟುವ ಬೆಲೆಗೆ ಮಾರುತ್ತಾನೆ. ಕಂಪನಿ ಸೂಚಿಸಿದ ಬೆಲೆಯೇ ಎಂಎಸ್‌ಆರ್‌ಪಿ (ಮ್ಯಾನುಫ್ಯಾಕ್ಚರರ್ಸ್ ಸಜೆಸ್ಟೆಡ್ ರಿಟೇಲ್ ಪ್ರೈಸ್). ಹೆಸರೇ ಹೇಳುವಂತೆ ಅದು ಸೂಚನೆ ಮಾತ್ರ; ಡೀಲರ್ ಅದಕ್ಕಿಂತ ಕಡಿಮೆಗೂ ಮಾರಬಹುದು, ಹೆಚ್ಚಿಗೂ ಮಾರಬಹುದು. ಈ ಬೆಲೆಯನ್ನು, ಸಾಗಣೆ ವೆಚ್ಚವನ್ನು, ಫ್ಯಾಕ್ಟರಿಯಲ್ಲೇ ಜೋಡಿಸಿದ ಸೌಲಭ್ಯಗಳ ದರವನ್ನು ಪ್ರತಿ ಹೊಸ ಕಾರಿನ ಕಿಟಕಿಯ ಮೇಲೆ ಅಂಟಿಸಲೇಬೇಕೆಂದು 1958ರಲ್ಲಿ ಕಾಯ್ದೆಯಾಯಿತು. ಅದನ್ನು ತಂದ ಒಕ್ಲಹೋಮದ ಸೆನೆಟರ್ ಮೈಕ್ ಮನ್‌ರೋನಿ ಅವರ ಹೆಸರಿನಿಂದಲೇ ಆ ಚೀಟಿಗೆ ಮನ್‌ರೋನಿ ಸ್ಟಿಕರ್ ಎನ್ನುತ್ತಾರೆ.

ಸ್ಟಿಕರಿನಲ್ಲಿ ಇಲ್ಲದ್ದು ‘ಇನ್‌ವಾಯ್ಸ್’, ಅಂದರೆ ಕಂಪನಿ ಡೀಲರನ ಲೆಕ್ಕಕ್ಕೆ ಬರೆದ ಮೊತ್ತ. ಇದನ್ನೇ ಡೀಲರನ ಅಸಲು ಎಂದುಕೊಳ್ಳುವವರು ಬಹಳ. ಆದರೆ ಎಷ್ಟೋ ಕಂಪನಿಗಳು ಕಾರು ಮಾರಾಟವಾದ ಮೇಲೆ ಎಂಎಸ್‌ಆರ್‌ಪಿಯ ಶೇ. 2–3ರಷ್ಟನ್ನು ‘ಹೋಲ್ಡ್‌ಬ್ಯಾಕ್’ ಎಂದು ಡೀಲರಿಗೆ ಮರಳಿಸುತ್ತವೆ. ತಿಂಗಳ ಗುರಿ ಮುಟ್ಟಿದರೆ ಬೋನಸ್ ಬೇರೆ. ಹೀಗಾಗಿ ಇನ್‌ವಾಯ್ಸ್ ಬೆಲೆಗೆ ಮಾರಿದರೂ, ಒಮ್ಮೊಮ್ಮೆ ಅದಕ್ಕಿಂತ ಕೆಳಗೆ ಮಾರಿದರೂ ಡೀಲರ್ ಮುಳುಗುವುದಿಲ್ಲ. ಕ್ಲಬ್ ರಿಯಾಯಿತಿಗೆ ಜಾಗ ಸಿಗುವುದು ಇಲ್ಲಿಯೇ.

ಕೊಳ್ಳುವ ಕ್ರಮ

ಸದಸ್ಯರು ಕಾರ್ಯಕ್ರಮದ ತಾಣದಲ್ಲಿ ತಮಗೆ ಬೇಕಾದ ಕಂಪನಿ, ಮಾಡೆಲ್ ಆರಿಸಿದರೆ ಹತ್ತಿರದ ಡೀಲರ್ ಒಬ್ಬರ ಹೆಸರು, ಅಲ್ಲಿ ಈ ಕೆಲಸಕ್ಕೆಂದೇ ನೇಮಿಸಿದ ಸಿಬ್ಬಂದಿಯ ವಿವರ ಬರುತ್ತದೆ. ಶೋರೂಮಿಗೆ ಹೋಗಿ ಎದುರಾದ ಮೊದಲ ಸೇಲ್ಸ್‌ಮನ್ ಜೊತೆ ಮಾತಿಗೆ ಕೂರಬಾರದು. ಆ ಹೆಸರಿನವರನ್ನೇ ಕೇಳಬೇಕು. ಕ್ಲಬ್ ಬೆಲೆ ನೋಡಲು, ಕೊಡಲು ಅಧಿಕಾರವಿರುವುದು ಅವರಿಗೆ.

ಕಾರು ಓಡಿಸಿ ನೋಡಿ, ಇದೇ ಬೇಕು ಎಂದು ನಿಶ್ಚಯಿಸಿದ ಮೇಲೆ ‘ಸದಸ್ಯರ ಬೆಲೆಪಟ್ಟಿ’ ಕೇಳಬೇಕು. ಇಡೀ ಕಾರ್ಯಕ್ರಮದ ತಿರುಳು ಈ ಹಾಳೆ. ಇದರಲ್ಲಿ ಸ್ಟಿಕರ್ ಬೆಲೆ, ಇನ್‌ವಾಯ್ಸ್ ಮತ್ತು ಕಾಸ್ಟ್‌ಕೋ ಸದಸ್ಯರಿಗೆ ಗೊತ್ತುಮಾಡಿದ ಬೆಲೆಗಳನ್ನು ನೋಡಬಹುದು. ಬಾಯಿಮಾತಿನ ‘ಕಾಸ್ಟ್‌ಕೋ ರೇಟ್’ ನಂಬಿಕೊಂಡು ಸಹಿ ಹಾಕುವುದು ಬೇಡ. ಹಾಳೆ ಕೈಗೆ ಬರಲಿ, ಅದರಲ್ಲಿರುವ ಮಾಡೆಲು, ಟ್ರಿಮ್ಮು, ಸೌಲಭ್ಯಗಳು ಅಂಗಳದಲ್ಲಿ ನಿಂತಿರುವ ಕಾರಿನದ್ದೇ ಹೌದೇ ಎಂದು ತಾಳೆ ನೋಡಿ. ಹಾಳೆ ತೋರಿಸಲು ಮೀನಮೇಷ ಎಣಿಸುವ ಡೀಲರ್ ಬಳಿ ಕೊಳ್ಳಬೇಕಾದ ಅಗತ್ಯವಿಲ್ಲ. ಕಾರ್ಯಕ್ರಮಕ್ಕೆ ದೂರು ಕೊಡಬಹುದು.

ಕಂಪನಿ ಎಲ್ಲ ಗ್ರಾಹಕರಿಗೂ ಕೊಡುವ ನಗದು ರಿಯಾಯಿತಿ ಇದ್ದರೆ ಸಾಮಾನ್ಯವಾಗಿ ಅದು ಈ ಬೆಲೆಯಿಂದ ಮತ್ತೆ ಕಳೆಯುತ್ತದೆ. ಕೆಲವು ಕಂಪನಿಗಳು ಆಗಾಗ ಕಾಸ್ಟ್‌ಕೋ ಸದಸ್ಯರಿಗೆಂದೇ ಸೀಮಿತ ಅವಧಿಯ ಕೊಡುಗೆ ತರುತ್ತವೆ. ಅದರಲ್ಲಿ ಎಕ್ಸಿಕ್ಯೂಟಿವ್ ಸದಸ್ಯರಿಗೆ ಹೆಚ್ಚು ಸಿಗುವುದುಂಟು. ಇಂತಿಂಥ ತಾರೀಖಿಗೆ ಮುಂಚೆಯೇ ಸದಸ್ಯರಾಗಿರಬೇಕೆಂಬ ಷರತ್ತು ಅಂಥ ಕೊಡುಗೆಗಳಲ್ಲಿ ಸಾಮಾನ್ಯ.

ಮುಖ ನೋಡಿ ಬೆಲೆ ಹೇಳುವ ವ್ಯಾಪಾರದಲ್ಲಿ

ಕ್ಲಬ್ ಬೆಲೆಯೇ ಮಾರುಕಟ್ಟೆಯ ಅತಿ ಕಡಿಮೆ ಬೆಲೆ ಎಂದು ಹೇಳಲಾಗದು. ಛಲ ಬಿಡದೆ ನಾಲ್ಕೈದು ಡೀಲರುಗಳಿಗೆ ಬರೆದು, ಒಬ್ಬರ ದರವನ್ನು ಇನ್ನೊಬ್ಬರಿಗೆ ತೋರಿಸಿ, ತಿಂಗಳ ಕೊನೆಯ ದಿನ ಹೋಗಿ ಕೂತವರು ಅದಕ್ಕಿಂತ ಅಗ್ಗವಾಗಿ ತಂದಿರುತ್ತಾರೆ. ನನ್ನ ಮಟ್ಟಿಗೆ ಈ ಏರ್ಪಾಟಿನ ನಿಜವಾದ ಬೆಲೆ ಬೇರೆ ಕಡೆ ಇದೆ: ಎದುರಿಗೆ ಕೂತವರ ಮೈಬಣ್ಣ, ಉಚ್ಚಾರಣೆ, ಹೆಣ್ಣೋ ಗಂಡೋ ಎಂಬುದನ್ನು ನೋಡಿ ಬೆಲೆ ಏರಿಳಿಯುವುದನ್ನು ಇದು ತಡೆಯುತ್ತದೆ.

ಇದು ಊಹೆಯ ಮಾತಲ್ಲ. ಕಾನೂನು ಪ್ರಾಧ್ಯಾಪಕ ಇಯನ್ ಏರ್ಸ್ ಶಿಕಾಗೊ ಪ್ರದೇಶದ ಡೀಲರುಗಳ ಬಳಿಗೆ ಬಿಳಿಯ ಮತ್ತು ಕಪ್ಪು, ಗಂಡು ಮತ್ತು ಹೆಣ್ಣು ‘ಗ್ರಾಹಕ’ರನ್ನು ಕಳಿಸಿದರು. ಎಲ್ಲರಿಗೂ ಒಂದೇ ಬಗೆಯ ಉಡುಪು, ಒಂದೇ ಬಗೆಯ ಮಾತು, ಚೌಕಾಸಿಗೂ ಒಂದೇ ಕ್ರಮ. ಪೀಟರ್ ಸೀಗಲ್‌ಮನ್ ಜೊತೆ 1995ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದಲ್ಲಿ, ಕಪ್ಪು ಗಂಡಸರಿಗೆ ಡೀಲರುಗಳು ಹೇಳಿದ ಕೊನೆಯ ಬೆಲೆ ಬಿಳಿಯ ಗಂಡಸರಿಗೆ ಹೇಳಿದ್ದಕ್ಕಿಂತ ಸರಾಸರಿ ಸುಮಾರು 1,100 ಡಾಲರ್ ಹೆಚ್ಚಿತ್ತು. ಮುಂದೆ ಫಿಯೋನಾ ಸ್ಕಾಟ್ ಮಾರ್ಟನ್, ಫ್ಲೋರಿಯನ್ ಝೆಟೆಲ್‌ಮೇಯರ್, ಹೋರ್ಹೆ ಸಿಲ್ವಾ-ರಿಸೊ ಎಂಬ ಸಂಶೋಧಕರು ನಿಜವಾದ ಖರೀದಿಗಳ ಲೆಕ್ಕವನ್ನೇ ತೆಗೆದು ನೋಡಿದರು. ಶೋರೂಮಿಗೆ ನೇರವಾಗಿ ಹೋದ ಕಪ್ಪು ಮತ್ತು ಹಿಸ್ಪ್ಯಾನಿಕ್ ಗ್ರಾಹಕರು ಇತರರಿಗಿಂತ ಶೇ. 2ರಷ್ಟು ಹೆಚ್ಚು ಕೊಟ್ಟಿದ್ದರು. ಅಂತರ್ಜಾಲದ ಮೂಲಕ ಮೊದಲೇ ದರ ಕೇಳಿ ಹೋದವರಲ್ಲಿ ಆ ಅಂತರ ಹೆಚ್ಚುಕಡಿಮೆ ಅಳಿಸಿಹೋಗಿತ್ತು.

ಆ ದೇಶಕ್ಕೆ ಹೋಗಿ ಒಂದೆರಡು ತಿಂಗಳಾಗಿರುವ ಎಂಜಿನಿಯರ್, ಗಂಡನ ಹಿಂದೆ ಬಂದು ಈಗಷ್ಟೇ ಡ್ರೈವಿಂಗ್ ಲೈಸೆನ್ಸ್ ಪಡೆದ ಹೆಣ್ಣುಮಗಳು, ಮಗನ ಜೊತೆ ಇರಲು ಬಂದ ನಿವೃತ್ತ ಮೇಷ್ಟ್ರು — ಇವರ್ಯಾರಿಗೂ ಅಲ್ಲಿನ ಸೇಲ್ಸ್‌ಮನ್‌ನ ಪಟ್ಟುಗಳು ಗೊತ್ತಿರುವುದಿಲ್ಲ. ‘ಮ್ಯಾನೇಜರನ್ನು ಕೇಳಿ ಬರುತ್ತೇನೆ’ ಎಂದು ಎದ್ದು ಹೋಗಿ ಇಪ್ಪತ್ತು ನಿಮಿಷ ಕಾಯಿಸುವುದು, ಕಾರಿನ ಬೆಲೆ ಕೇಳಿದರೆ ತಿಂಗಳ ಕಂತಿನ ಲೆಕ್ಕ ಹೇಳುವುದು ಇವೆಲ್ಲ ದಣಿಸುವ ಉಪಾಯಗಳು. ಅಚ್ಚಾದ ಬೆಲೆಪಟ್ಟಿ ಹುಟ್ಟಾ ಚೌಕಾಸಿಗಾರನಿಗೂ ಬಾಯಿ ಬಾರದವನಿಗೂ ಒಂದೇ ಅಂಕಿ ತೋರಿಸುತ್ತದೆ. ಇದಕ್ಕಾಗಿ ಇನ್ನೂರು ಮುನ್ನೂರು ಡಾಲರ್ ಹೆಚ್ಚೇ ಹೋದರೂ ನಷ್ಟವಲ್ಲ ಎಂಬುದು ನನ್ನ ಅಭಿಪ್ರಾಯ.

ಡೀಲರ್ ಯಾಕೆ ಒಪ್ಪುತ್ತಾನೆ

ಕ್ಲಬ್ಬಿನಿಂದ ಬಂದವರು ಬಹುಪಾಲು ಕೊಳ್ಳಲೆಂದೇ ಬಂದವರು. ಜಾಹೀರಾತಿನ ಖರ್ಚಿಲ್ಲ, ಗಂಟೆಗಟ್ಟಲೆ ಮಾತಿಲ್ಲ. ಒಂದೊಂದು ಕಾರಿನಲ್ಲಿ ಲಾಭ ಕಡಿಮೆಯಾದರೂ ಮಾರಾಟದ ಸಂಖ್ಯೆ ಏರಿ ಕಂಪನಿಯ ಬೋನಸ್ ಕೈಗೆ ಬರುತ್ತದೆ. ಅದೇ ಗ್ರಾಹಕ ಮುಂದೆ ಸರ್ವಿಸಿಗೂ ಬರುತ್ತಾನೆ.

ಫೈನಾನ್ಸ್ ಕೋಣೆ

ಬೆಲೆ ಒಪ್ಪಿತವಾಯಿತು, ಎಲ್ಲರೂ ಕೈಕುಲುಕಿದರು. ಆಮೇಲೆ ಗ್ರಾಹಕರನ್ನು ಇನ್ನೊಂದು ಕೋಣೆಗೆ ಕರೆದೊಯ್ಯುತ್ತಾರೆ. ಅಲ್ಲಿ ಕೂತವರು ‘ಫೈನಾನ್ಸ್ ಮ್ಯಾನೇಜರ್’. ಸಾಲದ ಕಾಗದ, ನೋಂದಣಿ ಅರ್ಜಿ ಅವರ ಬಳಿ ಇರುತ್ತವೆ. ಜೊತೆಗೆ ಮಾರುವ ಸರಕೂ ಇರುತ್ತದೆ. ಕ್ಲಬ್ಬಿನ ಬೆಲೆಪಟ್ಟಿಯ ಕಾವಲು ಈ ಕೋಣೆಯ ಹೊಸಿಲಿಗೆ ಮುಗಿಯುತ್ತದೆ.

ಮೊದಲನೆಯದು ಬಡ್ಡಿ. ಬ್ಯಾಂಕ್ ಡೀಲರಿಗೆ ಒಂದು ದರ ಹೇಳಿರುತ್ತದೆ, ಡೀಲರ್ ಅದರ ಮೇಲೆ ತನ್ನದೊಂದು ಪಾಲು ಸೇರಿಸಿ ಗ್ರಾಹಕನಿಗೆ ಹೇಳಬಹುದು. 30,000 ಡಾಲರ್ ಸಾಲಕ್ಕೆ ಶೇ. 6ರ ಬದಲು ಶೇ. 8 ಬಡ್ಡಿಯಾದರೆ ತಿಂಗಳಿಗೆ ಹೆಚ್ಚಾಗುವುದು 28 ಡಾಲರ್; ಯಾರ ಕಣ್ಣಿಗೂ ಬೀಳದ ಮೊತ್ತ. ಐದು ವರ್ಷದಲ್ಲಿ ಅದು ಸುಮಾರು 1,700 ಡಾಲರ್ ಆಗುತ್ತದೆ. ಕ್ಲಬ್ ಉಳಿಸಿಕೊಟ್ಟ ಹಣವೆಲ್ಲ ಇಲ್ಲಿ ಸದ್ದಿಲ್ಲದೆ ಹೋಗಬಹುದು. ಆದ್ದರಿಂದ ಕಾರು ನೋಡಲು ಹೋಗುವ ಮೊದಲೇ ಕ್ರೆಡಿಟ್ ಯೂನಿಯನ್ ಅಥವಾ ಬ್ಯಾಂಕಿನಿಂದ ಸಾಲದ ಮಂಜೂರಾತಿ ತಂದಿಟ್ಟುಕೊಳ್ಳುವುದು ಒಳ್ಳೆಯದು. ಡೀಲರ್ ಅದಕ್ಕಿಂತ ಕಡಿಮೆ ದರ ಕೊಟ್ಟರೆ ತೆಗೆದುಕೊಳ್ಳಲಿ. ಹೊಸದಾಗಿ ಹೋದವರಿಗೆ ಕ್ರೆಡಿಟ್ ಇತಿಹಾಸವೇ ಇರುವುದಿಲ್ಲವಾದ್ದರಿಂದ ಬಡ್ಡಿ ಜಾಸ್ತಿ ಬೀಳುತ್ತದೆ; ಅವರು ಈ ವಿಷಯದಲ್ಲಿ ಇನ್ನೂ ಎಚ್ಚರವಾಗಿರಬೇಕು.

ಎರಡನೆಯದು ಹೆಚ್ಚುವರಿ ವಾರಂಟಿ, ಬಣ್ಣಕ್ಕೆ ಲೇಪ, ಟೈರಿಗೆ ನೈಟ್ರೋಜನ್, ಗಾಜಿನ ಮೇಲೆ ಚಾಸಿ ನಂಬರ್ ಕೆತ್ತನೆ. ಕೆಲವನ್ನು ಮೊದಲೇ ಹಾಕಿ, ಮನ್‌ರೋನಿ ಸ್ಟಿಕರ್ ಪಕ್ಕ ಇನ್ನೊಂದು ಚೀಟಿ ಅಂಟಿಸಿರುತ್ತಾರೆ. ಅಂಥ ಚೀಟಿಯಿಲ್ಲದ ಕಾರನ್ನೇ ಕೇಳುವುದು ಜಾಣತನ. ಹಳೆ ಕಾರು ಕೊಟ್ಟು ಹೊಸದು ಕೊಳ್ಳುವುದಾದರೆ ಅದರ ದರವೂ ಕ್ಲಬ್ ಒಪ್ಪಂದದ ಹೊರಗಿನದು; ಬೇರೆ ಕಡೆ ವಿಚಾರಿಸಿಕೊಂಡೇ ಹೋಗಬೇಕು.

ಕಾಗದಪತ್ರದ ಶುಲ್ಕ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯದಲ್ಲಿ ಡೀಲರ್ 85 ಡಾಲರಿಗಿಂತ ಹೆಚ್ಚು ಪಡೆಯುವಂತಿಲ್ಲ. ಫ್ಲೋರಿಡಾದಲ್ಲಿ ಮಿತಿಯೇ ಇಲ್ಲ, ನೂರಾರು ಡಾಲರ್ ಕೇಳುತ್ತಾರೆ. ನಮ್ಮ ಆನ್‌ರೋಡ್ ಬೆಲೆಯಂತೆ ತೆರಿಗೆ, ನೋಂದಣಿ, ಎಲ್ಲ ಶುಲ್ಕ ಸೇರಿದ ಒಟ್ಟು ಮೊತ್ತವನ್ನು ‘ಔಟ್-ದ-ಡೋರ್’ ಬೆಲೆ ಎನ್ನುತ್ತಾರೆ. ಸಹಿಗೆ ಮುಂಚೆ ಅದನ್ನು ಬರವಣಿಗೆಯಲ್ಲೇ ಪಡೆಯಬೇಕು. ಸಹಿ ಹಾಕಿದ ಮೇಲೆ ಮನಸ್ಸು ಬದಲಾಯಿತೆಂದು ಹೊಸ ಕಾರು ಹಿಂದಿರುಗಿಸುವ ಹಕ್ಕು ಕೇಂದ್ರ ಕಾನೂನಿನಲ್ಲಿಲ್ಲ. ಬೇಡದ ಸರಕು ತಲೆಗೆ ಕಟ್ಟುವುದನ್ನು ತಡೆಯಲು ಫೆಡರಲ್ ಟ್ರೇಡ್ ಕಮಿಷನ್ 2023ರ ಡಿಸೆಂಬರಿನಲ್ಲಿ ದೇಶಕ್ಕೆಲ್ಲ ಅನ್ವಯಿಸುವ ನಿಯಮ ಪ್ರಕಟಿಸಿತ್ತು. 2025ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದುಮಾಡಿತು.

ಕ್ಲಬ್ ಬೆಲೆ ಸಿಗದ ಕಡೆ

ಡೀಲರ್ ಇಲ್ಲದೆ ನೇರವಾಗಿ ಮಾರುವ ಟೆಸ್ಲಾದಂಥ ಕಂಪನಿಗೆ ಈ ಏರ್ಪಾಟು ಹೊಂದುವುದೇ ಇಲ್ಲ. ಬೇಡಿಕೆ ಹೆಚ್ಚು, ಸರಕು ಕಡಿಮೆ ಇರುವ ಮಾಡೆಲುಗಳಲ್ಲಿ ರಿಯಾಯಿತಿ ಹೆಸರಿಗಷ್ಟೇ ಇರಬಹುದು. ಚಿಪ್ ಕೊರತೆಯ 2021–22ರಲ್ಲಿ ಎಷ್ಟೋ ಡೀಲರುಗಳು ಸ್ಟಿಕರ್ ಬೆಲೆಯ ಮೇಲೆ ಸಾವಿರಾರು ಡಾಲರ್ ಏರಿಸಿ ಮಾರಿದರು. ಆಗ ಸ್ಟಿಕರ್ ಬೆಲೆಗೆ ಕಾರು ಸಿಕ್ಕಿದ್ದೇ ಪುಣ್ಯ ಎನ್ನುವ ಸ್ಥಿತಿ.

ಇದೇ ಬಗೆಯ ಬೇರೆ ದಾರಿಗಳೂ ಇವೆ. 2005ರಲ್ಲಿ ಆರಂಭವಾದ ಟ್ರೂಕಾರ್ ಹಲವು ಸಂಘ ಸಂಸ್ಥೆಗಳ ಸದಸ್ಯರಿಗೆ ಅವರವರ ಹೆಸರಿನಲ್ಲೇ ಕಾರು ಖರೀದಿ ಸೇವೆ ನಡೆಸಿಕೊಟ್ಟಿದೆ. ಫೋರ್ಡ್ ಕಂಪನಿಯ ‘ಎಕ್ಸ್-ಪ್ಲಾನ್’ ಸಹಭಾಗಿ ಸಂಸ್ಥೆಗಳ ನೌಕರರಿಗೆ ಸಿಗುತ್ತದೆ. ಇದರಲ್ಲಿ ಬೆಲೆ ಗೊತ್ತುಮಾಡುವುದು ಡೀಲರಲ್ಲ, ಕಂಪನಿ. ದೊಡ್ಡ ಸಂಸ್ಥೆಗಳಲ್ಲಿ ಕೆಲಸ ಮಾಡುವವರು ಕಾಸ್ಟ್‌ಕೋ ಕಡೆ ನೋಡುವ ಮುಂಚೆ ತಮ್ಮ ಎಚ್‌ಆರ್ ವಿಭಾಗದಲ್ಲಿ ಒಮ್ಮೆ ವಿಚಾರಿಸುವುದು ಲೇಸು.

ನಮ್ಮಲ್ಲಿ: ಮಿಲಿಟರಿ ಕ್ಯಾಂಟೀನ್

ಭಾರತದಲ್ಲಿ ಇದಕ್ಕೆ ಹತ್ತಿರವಾದದ್ದು ಕೊಡಗಿನಿಂದ ಬೆಳಗಾವಿಯವರೆಗೆ ಸೈನಿಕರ ಮನೆಗಳಿಗೆಲ್ಲ ಗೊತ್ತಿರುವ ಸಿಎಸ್‌ಡಿ (ಕ್ಯಾಂಟೀನ್ ಸ್ಟೋರ್ಸ್ ಡಿಪಾರ್ಟ್‌ಮೆಂಟ್) ಕ್ಯಾಂಟೀನ್. 1948ರಲ್ಲಿ ಸ್ಥಾಪನೆಯಾದ ಈ ಇಲಾಖೆ ಸೋಪು, ಬಿಸ್ಕತ್ತಿನ ಜೊತೆ ಕಾರನ್ನೂ ಕೊಡಿಸುತ್ತದೆ. ಇಲ್ಲೂ ಕಾರು ಸಿಗುವುದು ಡೀಲರ್ ಬಳಿಯೇ, ಆದರೆ ಹಣ ಕಟ್ಟುವುದು ಸಿಎಸ್‌ಡಿಗೆ. 2021ರ ಜನವರಿಯಿಂದ ಇದಕ್ಕೆ ಆನ್‌ಲೈನ್ ವ್ಯವಸ್ಥೆ ಬಂದಿದೆ. ಹುದ್ದೆ, ಸೇವಾವಧಿಗೆ ತಕ್ಕಂತೆ ಯಾವ ಕಾರು, ಎಷ್ಟು ವರ್ಷಕ್ಕೊಂದು ಎಂಬ ಮಿತಿಗಳಿವೆ.

ಉಳಿತಾಯದ ಮೂಲ ಮಾತ್ರ ಪೂರ್ತಿ ಬೇರೆ. ಕಾಸ್ಟ್‌ಕೋದಲ್ಲಿ ಬಿಟ್ಟುಕೊಡುವವನು ಡೀಲರ್. ಸಿಎಸ್‌ಡಿಯಲ್ಲಿ ಮುಖ್ಯವಾಗಿ ಸರ್ಕಾರ, ಏಕೆಂದರೆ ಕ್ಯಾಂಟೀನ್ ಸರಕಿನ ಮೇಲಿನ ಜಿಎಸ್‌ಟಿಯಲ್ಲಿ ಅರ್ಧ ಮರಳಿ ಬರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳಿಗೆ ಶೇ. 18, ದೊಡ್ಡವಕ್ಕೆ ಶೇ. 40 ಜಿಎಸ್‌ಟಿ ಇರುವುದರಿಂದ ಆ ಅರ್ಧದ ಮೊತ್ತ ಕಾರಿನಿಂದ ಕಾರಿಗೆ ಬಹಳ ಬದಲಾಗುತ್ತದೆ. ವಿಮೆ ಮತ್ತು ಆರ್‌ಟಿಒ ಖರ್ಚನ್ನು ಕೊಳ್ಳುವವರೇ ಬೇರೆಯಾಗಿ ಕಟ್ಟಬೇಕು.